ಒಳಗೆ ಖಾಲಿ

ಕೊನೆಯ ತಿಂಗಳ ಸಂಬಳದ ಬದಲು
ಪದ್ಮರಾಜಯ್ಯನವರು ಕೊಟ್ಟದ್ದು
ಎರಡು ಕಟ್ಟು ಐವರಿ ಬೋರ್ಡು, ಒಂದು ಮೊಂಡು ಕತ್ತರಿ,
ಮೇಲೊಂದು ಮಾತು:
"ಲಗ್ನಪತ್ರಿಕೆಯೇ ಫೋನಿನಲ್ಲಿ ಹೋಗೋ ಕಾಲ,
ಇದನ್ನಿಟ್ಕೊಂಡು ಏನು ಮಾಡ್ತೀಯೋ ಕಾಣೆ ತಾಯಿ."
ಹದಿನಾಲ್ಕು ವರ್ಷ ಅವರ ಪ್ರೆಸ್ಸಿನಲ್ಲಿ
ಬೇರೆಯವರ ಮದುವೆಗಳನ್ನು ಮಡಚಿದ ಬೆರಳು ಇವು.
ಅಂಚಿಗೆ ಅಂಚು ಕೂಡಿಸುವುದೊಂದು ಬಿಟ್ಟರೆ
ಬೇರೇನೂ ಬಾರದು.

ಅಚ್ಚು ಮಾಡಿಸಲು ದುಡ್ಡಿಲ್ಲ.
ಹಾಸನದಲ್ಲಿ ದುಡ್ಡಿಲ್ಲದವರಿಗೂ ಸಿಗುವುದು ಆಲೂಗಡ್ಡೆ.
ಎಪಿಎಂಸಿ ಗೇಟಿನಾಚೆ
ಗುದ್ದಲಿ ತಾಗಿದವು, ಹಸಿರು ತಿರುಗಿದವು,
ಗೋಣಿಯಿಂದ ಆಯ್ದು ಎಸೆದವು.
ಅರ್ಧಕ್ಕೆ ಕೊಯ್ದು ಬ್ಲೇಡಿನಲ್ಲಿ ಕೆತ್ತಿದೆ.
ಮೊದಲು ಹೂವು: ಕೋಸಿನ ಹಾಗೆ ಬಂತು.
ಆಮೇಲೆ ಹಕ್ಕಿ:
"ಅಮ್ಮ, ಚಪ್ಪಲಿ ಚೆನ್ನಾಗಿದೆ" ಅಂದಳು ಮಗಳು.
ಮೂರನೇ ದಿನ ಸುಮ್ಮನೆ ಒಂದು ಎಲೆ.
ಅದು ಎಲೆಯಾಯಿತು.

ಆಲೂಗಡ್ಡೆ ಅಚ್ಚಿಗೆ ಆಯಸ್ಸು ಒಂದು ಮಧ್ಯಾಹ್ನ.
ಮೊದಲ ಹತ್ತಕ್ಕೆ ನೀರೊಸರಿ ಬಣ್ಣ ಹರಡುತ್ತದೆ,
ಆಮೇಲಿನ ಮೂವತ್ತು ನೆಟ್ಟಗೆ,
ಐದು ಗಂಟೆಯ ಹೊತ್ತಿಗೆ ಮೈ ಒಣಗಿ ಸುಕ್ಕಾಗಿ
ಎಲೆಗೆ ತಾನಾಗಿ ನರ ಮೂಡುತ್ತವೆ,
ನಾನು ಕೆತ್ತದ ನರ.
ಆ ಕೊನೆಯವಕ್ಕೆ ಐದು ರೂಪಾಯಿ ಹೆಚ್ಚು ಇಟ್ಟೆ.
ವ್ಯಾಪಾರ ಅಂದರೆ ಇದೇ ಇರಬೇಕು.

ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಬಳೆ ಅಂಗಡಿಯ ಹಫೀಜಾ
ಸ್ಟ್ಯಾಂಡಿನ ಕೆಳಗೆ ಗೇಣು ಜಾಗ ಕೊಟ್ಟಳು.
"ಮಾರಿದ್ರೆ ನೂರಕ್ಕೆ ಹತ್ತು. ಮಾರ್ಲಿಲ್ವಾ, ಟೀ."
ಮೊದಲ ವಾರ ಆರು ಟೀ ಕೊಡಿಸಿದೆ.

ಕಾರ್ಡಿನೊಳಗೆ ಏನಾದರೂ ಇರಬೇಕಲ್ಲ,
ಹಾರ್ದಿಕ, ಶುಭ, ಕೋರುವ, ಬಯಸುವ,
ಪ್ರೆಸ್ಸಿನಲ್ಲಿ ಕಣ್ಣಿಗಂಟಿದ್ದನ್ನೇ ದುಂಡಗೆ ಬರೆದಿಟ್ಟಿದ್ದೆ.
ಮೂರನೇ ವಾರ ಒಬ್ಬರು ಬಂದರು,
ಅರಕಲಗೂಡು ರೂಟಿನ ಕಂಡಕ್ಟರು, ಎದೆಯ ಮೇಲೆ ಹೆಸರು: ನಿರ್ವಾಣಪ್ಪ.
ಒಂದೊಂದನ್ನೂ ಬಿಚ್ಚಿ ಓದಿ ಮುಚ್ಚಿ, ಬಿಚ್ಚಿ ಓದಿ ಮುಚ್ಚಿ,
"ತಮ್ಮನ ಜೊತೆ ಮಾತು ಬಿಟ್ಟು ಒಂಬತ್ತು ವರ್ಷ.
ಬಚ್ಚಲ ನೀರು ಯಾರ ಕಡೆ ಹರೀಬೇಕು ಅನ್ನೋದಕ್ಕೆ.
ಈಗ ಅವನಿಗೆ ಮೊಮ್ಮಗಳು ಹುಟ್ಟಿದಾಳಂತೆ.
ಅದಕ್ಕೊಂದು ಇದೆಯೇನಮ್ಮ?"

ಇರಲಿಲ್ಲ.
ಹದಿನಾಲ್ಕು ವರ್ಷದ ಯಾವ ಸ್ಯಾಂಪಲ್ ಆಲ್ಬಮ್ಮಿನಲ್ಲೂ
ಆ ಮಾತು ಇರಲಿಲ್ಲ.
"ಬರೀದೇ ಇರೋದು ಇದ್ರೆ ಕೊಡಿ."
ಹಿಂದಿನ ರಾತ್ರಿ ಕರೆಂಟು ಹೋಗಿ ಬಿಟ್ಟದ್ದೊಂದಿತ್ತು,
ಹೊರಗೆ ಎಲೆ, ಒಳಗೆ ಖಾಲಿ.
ಪೂರಾ ಚಿಲ್ಲರೆಯಲ್ಲೇ ಎಣಿಸಿದರು.
ಕಿವಿಯ ಮೇಲೆ ಪೆನ್ನಿತ್ತು. ತೆಗೆಯಲಿಲ್ಲ.

ಅವತ್ತಿನಿಂದ ನಾನೂ ಬರೆಯುವುದು ನಿಲ್ಲಿಸಿದೆ.
"ಖಾಲಿ ಹಾಳೇಗೆ ಮೂವತ್ತು ರೂಪಾಯಾ?" ಹಫೀಜಾ ಬೈದಳು,
ಆಮೇಲೆ ತನ್ನ ಗಾಜಿನ ಬಳೆಯೊಂದರಲ್ಲಿ ಇಣುಕಿ ನಕ್ಕಳು:
"ಬಿಡಕ್ಕ, ನಾನೂ ತೂತನ್ನೇ ಮಾರೋದು."

ಈ ತಿಂಗಳು ಅರವತ್ತೊಂದು ಹೋದವು.
ಪದ್ಮರಾಜಯ್ಯನವರೂ ಬಂದಿದ್ದರು,
ಮಡಿಕೆಯ ಮೇಲೆ ಉಗುರೆಳೆದು, ಬೆಳಕಿಗೆ ಹಿಡಿದು,
ಬೆಲೆ ಕೇಳಿ, ಐದು ರೂಪಾಯಿ ಚೌಕಾಶಿ ಮಾಡಿದರು.
ಬಿಡಲಿಲ್ಲ. ಅವರಿಗೂ ಖುಷಿಯಾದಂತಿತ್ತು.

ಮೊನ್ನೆ ಬಸ್ಸಿನಲ್ಲಿ ನಿರ್ವಾಣಪ್ಪ
ಹೆಂಗಸರ ಸೊನ್ನೆ ರೂಪಾಯಿ ಟಿಕೆಟ್ಟು ಹರಿದು ಕೊಟ್ಟರು,
ಗುರುತು ಹಿಡಿಯಲಿಲ್ಲ.
ಚೀಲದ ಬಾಯಲ್ಲಿ ಬಿಳಿ ಅಂಚೊಂದು,
ಮೂಲೆ ಸವೆದು, ಬೆವರಿಗೆ ಹಳದಿ ತಿರುಗಿ.
ನನ್ನ ಮಡಿಕೆ. ನನಗೆ ಗೊತ್ತಾಗುತ್ತದೆ.
ಬರೆದಿದ್ದಾರೋ, ಇನ್ನೂ ಖಾಲಿಯೋ,
ಕೇಳುವುದು ಹೇಗೆ?
ಇಳಿದು ಎರಡು ಕೆಜಿ ಆಲೂಗಡ್ಡೆ ಕೊಂಡೆ,
ಈ ಸಲ ಒಳ್ಳೆಯವು, ದುಡ್ಡು ಕೊಟ್ಟು.
ಒಂದು ಕೆಜಿ ಸಾಗುವಿಗೆ.