ಕೂದಲೆಳೆಯಷ್ಟು

ಮೊದಲ ಕೇಸಿನ ಕಾಗದದಲ್ಲಿ ನನ್ನ ಹೆಸರೇ ಇರಲಿಲ್ಲ.
ಒಂದು ಕಡೆ ರಾಜ, ಇನ್ನೊಂದು ಕಡೆ ಸೆಲ್ಬಿ ನೋಸ್‌ವರ್ದಿ.
ಸತ್ತವನು ನನ್ನ ಗಂಡ,
ಮನೆ ಮೆಟ್ಟಿಲ ಹಿಮ ಕೆರೆಯುತ್ತಿದ್ದ ಲಿಯಾಂಡರ್;
ನೊಂದವನು ಮಾತ್ರ ಕಡಲಾಚೆಯ ಅರಮನೆಯವನು.
ನಾನು ಸಾಕ್ಷಿ ನಂಬರ್ ನಾಲ್ಕು.

ಸೇಂಟ್ ಜಾನ್ಸ್ ಊರಿನ ಆ ಕೋರ್ಟಿನಲ್ಲಿ
ಹನ್ನೆರಡು ಮಂದಿ ಜ್ಯೂರಿ. ಒಬ್ಬಳಂತೂ
ಕೊನೆಯವರೆಗೂ ತನ್ನ ಉಗುರನ್ನೇ ನೋಡಿಕೊಂಡಳು.
ಹಿಮ ಗುಡಿಸುವ ಲಾರಿ ಹಿಂದಕ್ಕೆ ಬಂದದ್ದು ನಿಜ,
ಸೆಲ್ಬಿಯ ಬಾಯಲ್ಲಿ ರಮ್ಮಿನ ವಾಸನೆಯಿದ್ದದ್ದೂ ನಿಜವಿರಬಹುದು,
ಆದರೆ ರಕ್ತದ ಶೀಶೆಗೆ ಅಂಟಿಸಿದ ಚೀಟಿಯಲ್ಲಿ
ಮಂಗಳವಾರ ಬುಧವಾರವಾಗಿತ್ತು.
ಅಷ್ಟು ಸಾಕಾಯಿತು.
ಅನುಮಾನಕ್ಕೆ ಬಾಗಿಲು ತೆರೆಯಬೇಕಿಲ್ಲ,
ಕಿಟಕಿಯ ಸಂದಿಯಲ್ಲಿ ಹಿಮದ ಪುಡಿ ಬಂದು ಕೂರುವುದಿಲ್ಲವೆ, ಹಾಗೆ.
"ಮನುಷ್ಯನನ್ನು ಬೀಗ ಹಾಕಿ ಕೂಡಿಡುವ ಮಾತು, ಡಾರ್ಕಸ್,"
ಎಂದ ಸರ್ಕಾರಿ ವಕೀಲ ಕೈಗವಸು ಏರಿಸುತ್ತ,
"ಎಳ್ಳಷ್ಟೂ ಸಂಶಯ ಉಳಿಯಬಾರದು."
ನನಗೂ ಅದು ಸರಿಯೆನಿಸಿತು.
ಸಿಟ್ಟು ಬಂದದ್ದೇ ಅದಕ್ಕೆ.

ಎರಡನೆಯದು ಎರಡು ವರ್ಷದ ಮೇಲೆ.
ಜ್ಯೂರಿಯಿಲ್ಲ, ಕಟಕಟೆಯಲ್ಲಿ ಪೊಲೀಸರಿಲ್ಲ.
ಕಾಗದದಲ್ಲಿ ಈಗ ಡಾರ್ಕಸ್ ಪೈಕ್, ಎದುರಿಗೆ ಸೆಲ್ಬಿ,
ಬೇಲಿಯ ಜಗಳದ ಹಾಗೆ, ತೀರದ ಕೈಸಾಲದ ಹಾಗೆ.
ಇಲ್ಲಿ ಅಷ್ಟು ಖಚಿತ ಬೇಡವಂತೆ.
ಆಗಿರಲಿಕ್ಕಿಲ್ಲ ಎನ್ನುವುದಕ್ಕಿಂತ
ಆಗಿರಬೇಕು ಎನ್ನುವುದು ಒಂದಿಷ್ಟು ತೂಗಿದರೆ ಸಾಕು.
ಮೂವತ್ತು ವರ್ಷ ಮೀನು ತೂಗಿದವಳಿಗೆ
ಇದನ್ನು ಬಿಡಿಸಿ ಹೇಳಬೇಕೆ?
ಮುಳ್ಳು ಕೂದಲೆಳೆಯಷ್ಟು ಈಚೆ ವಾಲಿದರೆ
ಗಿರಾಕಿ ಜೇಬಿಗೆ ಕೈ ಹಾಕುತ್ತಾನೆ.

ಬಾರಿನ ಹುಡುಗಿ ಹೇಳಿದಳು: ಮೂರು ಗ್ಲಾಸು.
ಮುಳ್ಳು ವಾಲಿತು.

ಆಮೇಲೆ ಲಿಯಾಂಡರನನ್ನೇ ತೂಗಿದರು.
ವಯಸ್ಸು ಐವತ್ತೊಂದು, ದೋಣಿ ರಿಪೇರಿಯ ಸಂಪಾದನೆ ಇಷ್ಟು,
ದುಡಿಯಬಹುದಾಗಿದ್ದ ವರ್ಷ ಹದಿನಾಲ್ಕು,
ಅದರಲ್ಲಿ ಅವನೇ ತಿಂದುಂಡು ಮುಗಿಸುವುದನ್ನು ಕಳೆಯಿರಿ.
ಕಳೆದದ್ದು ತೀರ ಕಡಿಮೆಯಾಯಿತು;
ಅವನು ಉಣ್ಣುವುದನ್ನು ಇವರು ನೋಡಿರಲಿಲ್ಲ.
ನನಗೆ ನಗು ಬಂತು, ಕೋರ್ಟಿನಲ್ಲಿ, ಎಲ್ಲರೆದುರು.

ಸೆಲ್ಬಿಯನ್ನು ಯಾರೂ ಅಪರಾಧಿ ಅನ್ನಲಿಲ್ಲ.
ಹೊಣೆಗಾರ, ಅಂದರು.
ದುಡ್ಡು ಕೊಟ್ಟದ್ದು ಅವನೂ ಅಲ್ಲ,
ಹ್ಯಾಲಿಫ್ಯಾಕ್ಸಿನ ಯಾವುದೋ ವಿಮೆ ಕಂಪನಿ.

ಮೊನ್ನೆ ಮತ್ತೆ ಹಿಮ. ನಸುಕಿನ ಐದಕ್ಕೆ ಲಾರಿಯ ಸದ್ದು.
ಪರದೆ ಸರಿಸಿದರೆ, ಅವನೇ.
ನನ್ನ ಮೆಟ್ಟಿಲ ಬಳಿ ನಿಲ್ಲಿಸಿ, ಇಳಿದು,
ಹಿಂದಕ್ಕೆ ನಡೆದು, ಬಗ್ಗಿ ನೋಡಿ,
ಸ್ವಲ್ಪ ಹೊತ್ತು ಸುಮ್ಮನೆ ನಿಂತು,
ಮತ್ತೆ ಹತ್ತಿ, ಆಮೇಲೆ ಹಿಂದಕ್ಕೆ ತೆಗೆದ.

ನಾನು ದೀಪ ಹಾಕಲಿಲ್ಲ.