ನೋಟುಬುಕ್ಕಿನ ಬಲಗಡೆ

ಮಂಡ್ಯದ ದೊಡ್ಡಾಸ್ಪತ್ರೆಗೆ ನಾನು ಬಂದ ವರ್ಷ
ಇನ್ನೂರು ಪುಟದ ಒಂದು ನೋಟುಬುಕ್ಕು ಕೊಂಡೆ.
ಎಡಗಡೆ ಡಾಕ್ಟರ ಮಾತು, ಬಲಗಡೆ ಜನದ ಮಾತು,
ನಡುವೆ ಕೆಂಪು ಶಾಯಿಯ ಗೆರೆ.

ಮೊದಲ ಪದ ವಾಲ್ವು.
ಕವಾಟ ಅಂತ ಪುಸ್ತಕದಲ್ಲಿತ್ತು. ಹೇಳಿದೆ.
ಬಸರಾಳಿನ ನೀರುಗಂಟಿ ಪುಟ್ಟಮಾದಯ್ಯ
ವಾರ್ಡಿನ ಬಾಗಿಲ ಕಡೆ ನೋಡಿದ.
ಆಮೇಲೆ ತಾನೇ ಕೇಳಿದ: ‘ತೂಬಾ?
ಸರ್ಯಾಗಿ ಮುಚ್ಕೋತಾ ಇಲ್ವಾ? ಬುಟ್ಟ ನೀರು ವಾಪಸ್ ಬತ್ತದಾ?’
ಮೂವತ್ತು ವರ್ಷ ನಾಲೆಯ ಏರಿಯ ಮೇಲೆ ನಡೆದವನಿಗೆ
ನಾನೇನು ಹೇಳಲಿ. ಕವಾಟವನ್ನು ಹೊಡೆದುಹಾಕಿ
ತೂಬು ಎಂದು ಬರೆದೆ.

ಮರ್ಮರ್ ಎಂದರು ಡಾಕ್ಟರು, ಸ್ಟೆತಸ್ಕೋಪು ಒತ್ತಿ.
ಅದೊಂದಕ್ಕೆ ಗೆರೆ ದಾಟುವ ಕಷ್ಟವಿರಲಿಲ್ಲ:
ಒಣಗಿದ ಸೋಗೆಯಲ್ಲಿ ಗಾಳಿ ಆಡಿದರೆ
ನಾವೂ ಅದನ್ನೇ ಅನ್ನುತ್ತೇವೆ, ಮರ್ಮರ.
ಆಸ್ತಮಾಕ್ಕೆ ಉಬ್ಬಸ, ಗೂರಲು.
ಆಲೆಮನೆಯ ಒಲೆಗೆ ಸಿಪ್ಪೆ ನೂಕಿ ನೂಕಿ ಬಂದ ದೇವೀರಮ್ಮ
‘ಎದೆ ಒಳಗೆ ಬೆಕ್ಕಿನ ಮರಿ ಕೂಗ್ತದೆ ಕನವ್ವ’ ಅಂದಳು.
ಅದನ್ನೂ ಬರೆದೆ.
ಸ್ಟ್ರೋಕಿಗೆ ಲಕ್ವ.
ಲಕ್ವ ಹೊಡೆದು ಮಾತು ಚದುರಿಹೋದ ಪೋಸ್ಟ್ ಮಾಸ್ಟರ್ ವೃಷಭೇಂದ್ರಯ್ಯ
ನೀರು ಬೇಕಾದಾಗ ‘ಮನಿಯಾರ್ಡರ್’ ಎನ್ನುತ್ತಿದ್ದರು,
ಹೆಂಡತಿ ಬಂದಾಗಲೂ ‘ಮನಿಯಾರ್ಡರ್’.
ಅಫೇಸಿಯಾದ ಎದುರು ಅದನ್ನೇ ಬರೆದು ನಕ್ಕೆ.
ಆಮೇಲೆ ಆ ಪುಟ ತೆರೆದಾಗ ನಗು ಬರಲಿಲ್ಲ.

ಕಬ್ಬು ಅರೆಯುವ ತಿಂಗಳು. ದೀಪವಿಲ್ಲದ ಟ್ರಾಕ್ಟರಿನ ಹಿಂಬದಿಗೆ
ಬೈಕು ನುಗ್ಗಿದ ಮಂಟೇಲಿಂಗನನ್ನು
ರಾತ್ರಿ ಒಂದೂವರೆಗೆ ತಂದರು.
ಮೂರನೆಯ ದಿನ, ಎರಡು ಸಲ ಪರೀಕ್ಷೆ ಮಾಡಿ,
ಬಡಗಣ ಸೀಮೆಯ ಡಾಕ್ಟರು ಕನ್ನಡಕ ಒರೆಸುತ್ತಾ
‘ಸುಗುಣಿ ಸಿಸ್ಟರ್, ತಾಯಿಗೆ ನೀವೇ ಹೇಳಿ’ ಅಂದರು.

ಬ್ರೈನ್ ಡೆತ್.
ಎಡಗಡೆ ಬರೆದೆ. ಬಲಗಡೆ
ಮೆದುಳು ಸತ್ತಿದೆ ಅನ್ನಬೇಕೆ?
ನಮ್ಮಲ್ಲಿ ಸಾಯುವುದು ಮನುಷ್ಯ, ಅವನ ಒಂದು ತುಂಡಲ್ಲ.
ಉಸಿರು ನಿಂತರೆ ಸಾವು, ಉಸಿರಿದ್ದರೆ ಆಸೆ;
ಇಷ್ಟೇ ನಾನು ಕಲಿತ ವ್ಯಾಕರಣ.
ಇಲ್ಲಿ ಉಸಿರು ಗೋಡೆಯ ಪ್ಲಗ್ಗಿನಿಂದ ಬರುತ್ತಿದೆ,
ನಿಮಿಷಕ್ಕೆ ಹದಿನಾಲ್ಕು, ಒಂದೂ ತಪ್ಪದೆ.
ಹಣೆ ಬೆಚ್ಚಗಿದೆ. ಮಾನಿಟರಿನಲ್ಲಿ
ಹಸಿರು ಗುಡ್ಡಗಳು ಸಾಲಾಗಿ ಓಡುತ್ತಿವೆ.

ಜವರಮ್ಮ ಮಗನ ಅಂಗಾಲು ತಿಕ್ಕುತ್ತಿದ್ದಳು.
‘ಉಸ್ರಾಡ್ತಾವ್ನಲ್ಲವ್ವ?’
‘ಮಿಷನ್ನು ಆಡಿಸ್ತಿದೆ ಅಮ್ಮಾ.’
‘ಗುಂಡಿಗೆ ಬಡೀತದಲ್ಲ?’
‘ಬಡೀತಿದೆ.’
‘ಮತ್ತೆ?’

ತಲೆಯ ಒಳಗೆ, ಅಂದೆ. ಒಳಗಿನ ದೀಪ, ಅಂದೆ.
ಸಿನಿಮಾದ ಮಾತು ಅನ್ನಿಸಿ ನಿಲ್ಲಿಸಿದೆ.
ಅವಳು ನನ್ನನ್ನೇ ನೋಡಿದಳು ಬಹಳ ಹೊತ್ತು,
ಸಂತೆಯಲ್ಲಿ ತೂಕದ ಕಲ್ಲು ನೋಡುವ ಹಾಗೆ.
ಆಮೇಲೆ, ನನಗೇ ಸಮಾಧಾನ ಹೇಳುವ ದನಿಯಲ್ಲಿ:
‘ಕಬ್ಬು ಮುಗುದೋಗದೆ.
ಬರೀ ಗಾಣ ತಿರುಗ್ತಾ ಅದೆ.
ಅಂಗನ್ನು ಮಗಾ.’

ಅಂಗಾಲು ತಿಕ್ಕುವುದನ್ನು ಮಾತ್ರ ಬಿಡಲಿಲ್ಲ.

ಆ ಪುಟದ ಬಲಗಡೆ ಇವತ್ತಿಗೂ ಖಾಲಿ.
ಮಾತು ಸಿಗಲಿಲ್ಲವೆಂದಲ್ಲ, ಬರೆದುಕೊಳ್ಳಲು ಕೈ ಬರಲಿಲ್ಲ.
ಬೆಳಗ್ಗೆ ಡ್ಯೂಟಿ ಮುಗಿಸಿ ಕೆರಗೋಡಿನ ಬಸ್ಸು ಹತ್ತಿದೆ.
ಮುಂದೆ ದಾರಿ ಬಿಡದ ಕಬ್ಬಿನ ಲಾರಿ.
ಜಲ್ಲೆ ಎಳೆದುಕೊಳ್ಳಲು ಹುಡುಗರು ಹಿಂದೆ ಓಡುತ್ತಿದ್ದರು,
ಬಾಯಿ ತೆರೆದು, ಏದುಸಿರು ಬಿಡುತ್ತಾ.
ಏದುಸಿರು.
ಇದಕ್ಕೆ ಎಡಗಡೆ ಏನೆಂದು
ಥಟ್ಟನೆ ನೆನಪಾಗಲಿಲ್ಲ.