ಅರ್ಧಾಣೆ

ಇಂದರಗಿ ಗುಡ್ಡದ ಮಗ್ಗುಲಲ್ಲಿ ಬಾಂದುಕಲ್ಲೊಂದು
ಅರ್ಧಾಣೆ ಕೆಳಗಿಳಿದಿದೆ.
ನಮ್ಮ ಮೋಜಣಿಯಲ್ಲಿ ಸರಪಳಿಗೆ ಹದಿನಾರಾಣೆ,
ಅರ್ಧಾಣೆಯೆಂದರೆ ಒಂದಡಿ, ಮೇಲೊಂದು ಉಗುರು.
ಅಷ್ಟಕ್ಕೇ ಹನ್ನೆರಡು ವರ್ಷ
ದ್ಯಾಮವ್ವನ ಮನೆಯ ಮಜ್ಜಿಗೆ
ಹುಸೇನಪ್ಪನ ಮನೆಗೆ ಹೋಗಿಲ್ಲ.

“ರಾತ್ರಿ ಹಾರಿ ಹಾಕಿ ಸರಿಸ್ಯಾನ್ರೀ,
ಇಲ್ಲಾಂದ್ರ ಕಲ್ಲಿಗೇನ್ ಕಾಲು ಬಂದಾವಾ?”
ಕೆಳಗಿನ ಹೊಲದಿಂದ ಅವಳು.
ಮೇಲಿನ ಹೊಲದವನು ಮಾತಾಡುವುದಿಲ್ಲ,
ಟವೆಲ್ಲು ಕೊಡವಿ ಹೆಗಲು ಬದಲಿಸುತ್ತಾನೆ.

ಮೊಣಕಾಲೂರಿ ಕಲ್ಲಿನ ಬುಡ ಕೆದರಿದೆ.
ಹಾರೆಯ ಗಾಯವಿಲ್ಲ.
ಇರುವೆ ಗೂಡು, ಹಳೆಯ ಗರಿಕೆ ಬೇರು:
ಯಾರೂ ಕೀಳದ ಕಲ್ಲಿನ ಗುರುತು ಇದೇ.
ಆದರೂ ತಲೆ ವಾಲಿದೆ ಇಳಿಜಾರಿಗೆ,
ತೂಕಡಿಸುವ ಕಾವಲುಗಾರನ ಹಾಗೆ.

ಅದೊಂದೇ ಅಲ್ಲ.
ಬೇವಿನ ಮರ ಬುಡದಲ್ಲಿ ಮೊಣಕಾಲು ಮಡಿಚಿ
ಆಮೇಲೆ ನೆಟ್ಟಗೆ ಎದ್ದಿದೆ.
ಬೇಲಿಯ ಕಂಬಗಳೆಲ್ಲ ಒಂದೇ ಕಡೆ ಬಾಗಿ
ಏನೋ ಕದ್ದು ಕೇಳುತ್ತಿವೆ.
ಕಲ್ಲೊಡ್ಡಿನ ಹೊಟ್ಟೆ ಮುಂದೆ ಬಂದಿದೆ,
ಏಳು ತಿಂಗಳಿರಬೇಕು.

ಮಣ್ಣಿಗೊಂದು ಚಟ.
ಮಳೆ ಕುಡಿದಾಗ ಗುಡ್ಡದ ಮೈಯಿಂದ ಹೊರಕ್ಕೆ ಉಬ್ಬುತ್ತದೆ,
ಬಿಸಿಲಿಗೆ ಒಣಗಿ ಕೂರುವಾಗ ನೆಟ್ಟಗೆ ಕೆಳಕ್ಕೆ.
ಎದ್ದ ಜಾಗಕ್ಕೆ ಮರಳುವುದಿಲ್ಲ.
ಈ ವರ್ಷ ಒಂದು ಎಳ್ಳು, ಮರುವರ್ಷ ಇನ್ನೊಂದು ಎಳ್ಳು.
ಮೇಕೆ ಹತ್ತಿದರೂ ಇಳಿದರೂ
ಹರಳು ಉರುಳುವುದು ಕೆಳಕ್ಕೇ,
ಹೆಗ್ಗಣ ತೋಡಿ ಎಸೆದದ್ದೂ ಕೆಳಕ್ಕೇ.
ಮೇಲಕ್ಕೆ ಹೊತ್ತವಳು ಒಬ್ಬಳಿದ್ದಳು, ಹುಸೇನಪ್ಪನ ತಾಯಿ,
ಬೇಸಿಗೆಗೆ ನಲವತ್ತು ಬುಟ್ಟಿಯಂತೆ.
ಅವಳೂ ಇಳಿದಾಯಿತು ಮಣ್ಣಿಗೆ.

ನೆತ್ತಿಯಲ್ಲಿ ಗುಂಡುಗಳು ಒಂದರ ಮೇಲೊಂದು.
ಆನೆಗಾತ್ರದ್ದೊಂದು ಯಾವ ಕಾಲದಲ್ಲೋ
ಮಳೆಯಿಲ್ಲದ, ಗಾಳಿಯಿಲ್ಲದ ಮಧ್ಯಾಹ್ನ
ದಡದಡ ಇಳಿದು ಕಣದಲ್ಲಿ ಕೂತಿತು.
ಈಗ ಅದರ ಮೇಲೆ ಮೆಣಸಿನಕಾಯಿ ಒಣಗುತ್ತದೆ.
ಅದರ ಮೇಲೆ ಯಾರೂ ಕೇಸು ಹಾಕಿಲ್ಲ.

ಪಂಚನಾಮೆಯಲ್ಲಿ ಒಂದು ಖಾನೆ: ಸರಿಸಿದವರ ಹೆಸರು.
‘ಭೂಮಿ’ ಎಂದು ಬರೆದರೆ
ಕೊಪ್ಪಳದ ಕಚೇರಿಯಲ್ಲಿ ಕೇಳುತ್ತಾರೆ,
ಯಾವ ಭೂಮಿ, ಸರ್ವೆ ನಂಬರು ಎಷ್ಟು?
ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ.

ಆಗ ಬಾಯಿ ಬಿಟ್ಟ ಹುಸೇನಪ್ಪ:
“ಕಲ್ಲು ನನ್ನ ಕಡೆ ಅರ್ಧಾಣೆ ಕೊಟ್ಟೈತಿ, ಖರೆ.
ಮ್ಯಾಲಿನ ಮಣ್ಣೆಲ್ಲ ಅಕಿ ಜ್ವಾಳಕ್ಕ ಇಳದೈತಿ.
ಅದನ್ನ ಯಾವ ಸರಪಳಿಲೆ ಅಳೀತೀರಿ?”
ದ್ಯಾಮವ್ವ ತನ್ನ ದಪ್ಪ ದಂಟುಗಳ ಕಡೆ ನೋಡಿದಳು,
ನೋಡಿಲ್ಲವೆಂಬಂತೆ ಸೆರಗು ಸರಿಮಾಡಿಕೊಂಡಳು.

ಚೈನು ಹಿಡಿಯುವ ಹುಡುಗ ಅಂದು ಬಂದಿರಲಿಲ್ಲ.
ಮೇಲಿನ ತುದಿ ಅವನ ಕೈಗೆ ಕೊಟ್ಟೆ,
ಕೆಳಗಿನ ತುದಿ ಅವಳ ಕೈಗೆ.
ನಡುವೆ ಸರಪಳಿ ಜೋತುಬಿತ್ತು.
“ಎಳೀರಿ” ಎಂದೆ.
ಹಿಮ್ಮಡಿ ಊರಿ ಇಬ್ಬರೂ ಎಳೆದರು.
ಇನ್ನೂ ಎಂದೆ, ಇನ್ನೂ ಎಳೆದರು.
ಎಷ್ಟೆಳೆದರೂ ಮಧ್ಯದಲ್ಲಿ
ಒಂದು ಬೆರಳಿನಷ್ಟು ಜೋಲು ಉಳಿಯಿತು,
ಕೆಳಗಿನ ಮಣ್ಣನ್ನೇ ನೋಡುತ್ತ.